ಹೆಸರಿಲ್ಲದ ಕೊಲ್ಲಿ

ಜುಲೈ ೧೯, ಶನಿವಾರ. ರಾತ್ರಿ ಹನ್ನೊಂದಾದರೂ ಕಿಟಕಿಯಲ್ಲಿ ಬಿಸಿಲು. ನನಗೂ ನಿದ್ದೆ ಎಲ್ಲಿಂದ ಬರಬೇಕು!

ನಮ್ಮವರು ಬಾಳಿದ ಆ ಕೊಲ್ಲಿಗೆ ಕೆನಡಾದ ಉತ್ತರ ತುದಿಯ ಈ ನುನಾವುಟ್‌ನ ಯಾವ ನಕ್ಷೆಯಲ್ಲೂ ಹೆಸರಿಲ್ಲ. ಅಲ್ಲಿ ಯಾರೂ ಬಾಳಿಯೇ ಇಲ್ಲವಂತೆ! ಸರ್ಕಾರದ ವರದಿಯಲ್ಲಿ ಹಾಗೆಂದು ಓದಿದಾಗಿನಿಂದ ಮೈ ಉರಿಯುತ್ತಿತ್ತು. ಇವತ್ತು ನೂತರಾಕ್ ಅತ್ತೆಯನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿಯೇಬಿಟ್ಟೆ. ಸರ್ಕಾರದವರು ಎಲ್ಲರನ್ನೂ ಅಲ್ಲಿಂದ ಎಬ್ಬಿಸಿ ಊರಿಗೆ ತಂದಾಗ ಅವಳಿನ್ನೂ ಚಿಕ್ಕ ಹುಡುಗಿ.

ದಡಕ್ಕಿಳಿದವಳೇ ಕೋಲೂರಿಕೊಂಡು ನೆಟ್ಟಗೆ ನಡೆದಳು. ಪಾಚಿಯ ನಡುವೆ ಗುಂಡಗೆ ಜೋಡಿಸಿದ ಕಲ್ಲುಗಳು! ಅತ್ತೆಯ ಮನೆಯವರು ಡೇರೆ ಹಾರದಂತೆ ಅಂಚಿಗೆ ಹೇರಿದ್ದವು, ಹಾಗೇ ಇವೆ. ನಾನು ಕಿರುಚಿಬಿಟ್ಟೆ.

"ಏನಪ್ಪಾ, ನಿನ್ನ ಮನೆ ನೀನೇ ಮರೆತ್ಯಾ? ಬಾಗಿಲು ಈ ಕಡೆ, ಬಾ" ಎಂದು ಗದರಿದಳು.

ಇಪ್ಪತ್ತಾರರ ಹೆಣ್ಣು ನಾನು, ಆದರೂ ಅತ್ತೆಗೆ ಹುಟ್ಟಿದಾಗಿನಿಂದ ಅಪ್ಪನೇ. ಅವಳ ತಂದೆ ತೀರಿಕೊಂಡ ವರ್ಷ ಹುಟ್ಟಿದ ನನಗೆ ಅವರ ಹೆಸರೇ ಇಟ್ಟರು, ಉಯಾರಾಕ್. ನಮ್ಮ ಜನರಲ್ಲಿ ಹಾಗೆ, ಹೆಸರಿನ ಜೊತೆ ಅವರೂ ಬಂದರು ಅಷ್ಟೆ.

"ಅತ್ತೆ, ಈ ಕೊಲ್ಲಿಗೆ ಏನಂತಿದ್ರಿ?"

"ನನ್ನ ಕೇಳ್ತೀಯಲ್ಲ! ಹೆಸರಿಟ್ಟೋನೇ ನೀನು!" ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮೆಲ್ಲಗೆ, "ಗಾಳಿ ಮಲಗೋ ಜಾಗ ಅಂತಿದ್ದೆ ನೀನು" ಎಂದಳು.

ಈಗಷ್ಟೇ ನಕ್ಷೆಯಲ್ಲಿ ದಪ್ಪಗೆ ಬರೆದೆ. ಇನ್ನು ಮರೆಯೋದಿಲ್ಲ, ಮಗಳೇ.