ಲೆನ್ಸಿನ ಅಂಚಿನ ವಿಭೂತಿ

ಯಪ್ಪಾ,

ನಾಳೆ ಸಾರವಾಡದಲ್ಲಿ ಮದುವೆಯ ಫೋಟೊ ತೆಗೆಯುವುದಿದೆ. ನೀನು ಹೋದ ಮೇಲೆ ಯಾರೂ ಮುಟ್ಟದ ನಿನ್ನ ಲೆನ್ಸನ್ನೇ ಒಯ್ಯೋಣವೆಂದು ಇಂದು ಸ್ಟುಡಿಯೊದಲ್ಲಿ ಹೊರತೆಗೆದೆ. ಅಂಚಿನಲ್ಲಿ ನಿನ್ನ ವಿಭೂತಿ ಹಾಗೇ ಇತ್ತು. ದಿನಾ ಬೆಳಿಗ್ಗೆ ಹಣೆಗೆ ಹಚ್ಚಿಕೊಂಡ ಬೆರಳನ್ನೇ ನೀನು ಕ್ಯಾಮೆರಾಕ್ಕೂ ಎಳೆಯುತ್ತಿದ್ದೆ.

“ಬೂದಿ ಗಾಜು ಗೀರತೈತಿ, ಯಪ್ಪಾ,” ಎಂದು ನಾನೆಂದರೆ ನೀನು ನಗುತ್ತಿದ್ದೆ. “ಖಾಲಿ ಹಣಿಲೆ ದುಡಿಯಾಕ ಹಚ್ಚಲೇನವ್ವಾ ಕ್ಯಾಮೆರಾನ?”

ಲೆನ್ಸಿಗೆ ಒರೆಸುವ ಬಟ್ಟೆ ಮುಟ್ಟಿಸುವ ಮೊದಲು ಗಾಳಿ ಊದಬೇಕು. ರಬ್ಬರಿನ ಬ್ಲೋವರ್ ಒಮ್ಮೆ ಒತ್ತಿದೆ. ಬೂದಿ ಎದ್ದು ಕಿಟಕಿಯ ಬಿಸಿಲಿನಲ್ಲಿ ತೇಲಿತು, ಮೆಲ್ಲಗೆ, ಯಾವ ಅವಸರವೂ ಇಲ್ಲದಂತೆ. ನಾನು ಉಸಿರು ಬಿಗಿಹಿಡಿದು ನಿಂತೆ.

“ಒರಸೂದು ಆತೇನಬೇ?” ಅವ್ವ ಹಿಂದಿನ ಕೋಣೆಯಿಂದ ಕೇಳಿದಳು.

ಆಗಲಿಲ್ಲ. ಉಳಿದ ವಿಭೂತಿಯ ಮೇಲೆ ಮುಚ್ಚಳ ಹಾಕಿದೆ. ನಾಳೆ ಬೇರೆ ಲೆನ್ಸ್ ಒಯ್ಯುತ್ತೇನೆ.

ಶೈಲಶ್ರೀ