ಯಂತ್ರ ಕೆಟ್ಟಿರಲಿಲ್ಲ

ಹೃದಯ ಮತ್ತು ನರಗಳ ಸಂಶೋಧನಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ಮೂವರು ಸೊಸೆಯರು, ಇಬ್ಬರು ಅಳಿಯಂದಿರು ಎದುರಾಡದ ಮನೆಯ ಯಜಮಾನಿ ನಾನು. ಓದಿದ್ದು ಹೈಸ್ಕೂಲಿನವರೆಗೆ. ಅಂಥ ನನ್ನ ಎದೆಬಡಿತದ ದಾಖಲೆಯನ್ನು ನೀವು ‘ಯಂತ್ರದೋಷ’ ಎಂದು ಬರೆದು ಪಕ್ಕಕ್ಕೆ ಎಸೆದಿದ್ದೀರಿ. ಅದಕ್ಕೇ ಈ ಪತ್ರ.

ಅವಮಾನವಾದಾಗ ನರಗಳು ಹೃದಯವನ್ನು ಹೇಗೆ ಓಡಿಸುತ್ತವೆ ಎಂದು ತಿಳಿಯಲು ಬಡಿತವನ್ನು ಎಲ್ಲಿಂದಲಾದರೂ ನಿಮ್ಮ ಪರದೆಗೆ ಕಳಿಸುವ ಪಟ್ಟಿಯೊಂದನ್ನು ನನ್ನ ಎದೆಗೆ ಕಟ್ಟಿ ಕೂರಿಸಿದಿರಿ. ಪರೀಕ್ಷೆ ಇಷ್ಟೇ: ನಾನು ಸಾವಿರದಿಂದ ಏಳೇಳು ಕಳೆಯುತ್ತ ಬರಬೇಕು. ಸರಿಯಾಗಿ ಹೇಳಿದರೂ ನಿಮ್ಮ ಸಂಶೋಧಕಿ ಗದರಬೇಕು.

“ತಪ್ಪು. ಮೊದಲಿಂದ ಹೇಳಿ,” ಎಂದಳು.

“ಸರಿಯಾಗೇ ಇದೆ. ನೀನೊಮ್ಮೆ ಕಳೆದು ನೋಡಮ್ಮ,” ಎಂದೆ.

ಕಳೆಯಲು ಹೋಗಿ ಅವಳೇ ಬೆವೆತಳು. ಪರದೆಯ ಮೇಲೆ ನನ್ನ ಬಡಿತದ ವೇಗ ತೋರಿಸುವ ಗೆರೆ ಅಲುಗಲಿಲ್ಲ. ಐದು ಹೆರಿಗೆ, ಒಬ್ಬ ಅತ್ತೆ, ಇಷ್ಟನ್ನು ದಾಟಿ ಬಂದ ಹೃದಯ ಇಂಥ ಗದರಿಕೆಗೆ ಓಡುತ್ತದೆಯೇ? ನನಗಿಂತ ಮೊದಲು ಕೂತ ಗಂಡಸಿನ ಎದೆ ಕುದುರೆಯಂತೆ ಓಡಿದಾಗ ನೆಟ್ಟಗಿದ್ದ ಯಂತ್ರ, ನನ್ನನ್ನು ಕಂಡ ಕೂಡಲೇ ಕೆಟ್ಟಿತೇ?

ಇದೇ ನೀವು, ನಿಂತಲ್ಲೇ ಕುಸಿದು ಬೀಳುವ ನನ್ನ ತಂಗಿಯನ್ನು ಹಿಂದೊಮ್ಮೆ ತೋರಿಸಲು ಕರೆತಂದಾಗ, “ಗಾಬರಿ ಅಷ್ಟೇ. ಈ ವಯಸ್ಸಲ್ಲಿ ಹೆಂಗಸರಿಗೆ ಇದ್ದದ್ದೇ,” ಎಂದು ಸಾಗಹಾಕಿದ್ದಿರಿ. ಹೆಂಗಸು ಬಿದ್ದರೆ ಗಾಬರಿ, ಗಾಬರಿಯಾಗದಿದ್ದರೆ ಯಂತ್ರದೋಷ. ಶಾಸ್ತ್ರ ಬಹಳ ಚೆನ್ನಾಗಿದೆ.

ಪಟ್ಟಿ ವಾಪಸು ಕೊಡಿ ಎಂದಿರಿ. ಕೊಡಲಿಲ್ಲ, ತಂಗಿಗೆ ಕಟ್ಟಿದೆ. ಇಂದು ಬೆಳಿಗ್ಗೆ ಅವಳು ಬಟ್ಟೆ ಒಣಹಾಕುತ್ತ ಮತ್ತೆ ಕುಸಿದಳು. ಅವಳು ಕಣ್ಣು ಬಿಡುವಷ್ಟರಲ್ಲಿ ಸಂಶೋಧಕಿಯ ಫೋನು.

“ಅಮ್ಮಾ, ಇಲ್ಲಿ ಪರದೆ ಮೇಲೆ ನಿಮ್ಮ ಎದೆಬಡಿತ ನಿಂತೇ ಹೋಗಿತ್ತು. ನೀವು... ಇದ್ದೀರಾ?”

“ಇದ್ದೀನಿ. ಅದು ನನ್ನ ತಂಗಿ ಎದೆ. ಗಾಬರಿ ಆದ್ರೆ ಎದೆ ಓಡುತ್ತಾ, ನಿಲ್ಲುತ್ತಾ?”

“ಓಡುತ್ತೆ. ಇದು ಗಾಬರಿ ಅಲ್ಲಮ್ಮಾ, ನರವೇ ಎದೆನ ತಡೆದು ನಿಲ್ಲಿಸ್ತಾ ಇದೆ. ಈಗಲೇ ಕರ್ಕೊಂಡು ಬನ್ನಿ.”

ಕರೆತಂದಿದ್ದೇನೆ. ತಂಗಿ ನಿಮ್ಮ ವಾರ್ಡಿನಲ್ಲಿ ಮಲಗಿ, ನೋಡಲು ಬಂದವರಿಗೆಲ್ಲ “ನಂದು ಗಾಬರಿ ಅಲ್ವಂತೆ” ಎಂದು ಹೇಳುತ್ತಿದ್ದಾಳೆ. ಅವಳ ಕಡತದಿಂದ ಆ ಪದವನ್ನು ನೀವೇ ನಿಮ್ಮ ಕೈಯಾರೆ ಹೊಡೆದುಹಾಕಬೇಕು. ನನ್ನ ದಾಖಲೆ ನಿಮ್ಮ ಸಂಶೋಧನೆಗೆ ಮರಳಬೇಕು. ಅಲ್ಲಿಯವರೆಗೆ ಪಟ್ಟಿ ಸಿಗುವುದಿಲ್ಲ. ಅದನ್ನು ಈಗ ನಾನೇ ಕಟ್ಟಿಕೊಂಡು ನಿಮ್ಮ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿ ಕೂತಿದ್ದೇನೆ. ಈ ಪತ್ರದ ಪ್ರತಿಯನ್ನು ಸೂಚನಾ ಫಲಕಕ್ಕೂ ಅಂಟಿಸಿಯಾಗಿದೆ. ಪರದೆ ನೋಡಿಕೊಳ್ಳಿ, ಗೆರೆ ಅಲುಗಿಲ್ಲ.

ಬೆಳಿಗ್ಗೆ ಒಂದು ಗಳಿಗೆ ನನ್ನ ಎದೆಯೂ ಓಡಿತ್ತು. ಆಗ ಪಟ್ಟಿ ತಂಗಿಯ ಮೈಮೇಲಿತ್ತು. ದಾಖಲೆಯಿಲ್ಲ.

ಇಂತಿ,
ನಿಮ್ಮ ಯಂತ್ರದೋಷ
(ಗಾಬರಿಯ ಅಕ್ಕ)