ತಪ್ಪು ಎಲ್ಲಿದೆ ಎಂದು ಹೇಳುವ ಎಡಿಟರ್

ಮಣಿಕೊಂಡ, ಸೋಮವಾರ

ಸುಭದ್ರಕ್ಕನವರಿಗೆ ಲಹರಿಯ ನಮಸ್ಕಾರಗಳು.

ನಿಮ್ಮ ಫೋನು ಓದಿ ಹೇಳುತ್ತದೆಂಬ ಧೈರ್ಯದಿಂದ ಇದನ್ನು ಇಮೇಲ್ ಮಾಡುತ್ತಿದ್ದೇನೆ. ದೃಷ್ಟಿ ಹೋಗಿ ನೀವು ಕೆಲಸ ಬಿಟ್ಟ ದಿನ ಹೇಳಿದ್ದು ನೆನಪಿದೆ: "ಕೋಡ್ ಬರಿಯಾಕ ನನಗ ಈಗೂ ಬರ್ತೈತಿ, ಲಹರಿ. ತಪ್ಪು ಎಲ್ಲೈತಂತ ಈ ಎಡಿಟರ್ ಹೇಳವಲ್ದು."

ಕೋಡ್ ಬರೆಯಲೆಂದು ನಾವೆಲ್ಲ ಸೇರಿ ಕಟ್ಟಿದ ಆ ಎಡಿಟರ್ ತಂತ್ರಾಂಶದ ಹೊಸ ಆವೃತ್ತಿ ಶುಕ್ರವಾರ ಬಿಡುಗಡೆ. ಬಾಕಿ ದೋಷಗಳನ್ನು ಸರಿಪಡಿಸುವಾಗ, ನಿಮ್ಮ ದೂರನ್ನು ಮುಂದಿನ ಸಲ ನೋಡೋಣ ಎಂದರು ನಮ್ಮ ತಂಡದ ಮುಖ್ಯಸ್ಥ ನರಹರಿ ಸರ್. ನಾನು ವಾದಿಸಲಿಲ್ಲ. ಅವರ ಪರದೆ ಆರಿಸಿ, ನಿಮ್ಮ ಹಾಗೆ ಕಂಪ್ಯೂಟರ್ ಓದಿ ಹೇಳುವುದನ್ನು ಕೇಳಲು ಹೆಡ್‌ಫೋನ್ ಕೊಟ್ಟು, ಒಂದು ತಪ್ಪು ಹುಡುಕಿ ಎಂದೆ. ತುಸು ಹೊತ್ತು ಕೀಲಿ ಒತ್ತಿ ಒತ್ತಿ ಹೆಡ್‌ಫೋನ್ ತೆಗೆದಿಟ್ಟರು.

"ಏನೂ ತಿಳೀವಲ್ದಲ್ಲ! ಸುಭದ್ರಾ ಇದರಾಗ ಹೆಂಗ ಕೆಲಸ ಮಾಡ್ಯಾಳ? ಇದನ್ನ ಮೊದಲ ಸರಿ ಮಾಡು," ಎಂದರು.

ಈಗ ತಪ್ಪಿನ ಗುರುತಾಗಿ ಕೆಂಪು ಗೆರೆ ಮೂಡುವಲ್ಲೆಲ್ಲ ಎಡಿಟರ್ ಮಾತಾಡುತ್ತದೆ. ಯಾವ ಸಾಲಿನಲ್ಲಿ ಏನು ಬಿಟ್ಟುಹೋಗಿದೆ ಎಂದು ಹೇಳುತ್ತದೆ. ಆದರೆ ಕಣ್ಣಿರುವ ನಾನು ಪರೀಕ್ಷಿಸಿದರೆ ಸಾಲದು. ಬುಧವಾರ ಆಫೀಸಿಗೆ ಬಂದು ನೀವೇ ಪರೀಕ್ಷಿಸುವಿರಾ? ಮಲ್ಕಾಜ್‌ಗಿರಿಯ ನಿಮ್ಮ ಮನೆಗೆ ನಾನೇ ಕಾರು ತರುತ್ತೇನೆ. ನಿಮ್ಮ ಕೈಗೆ ರೂಢಿಯಾದ ಕೀಬೋರ್ಡ್ ತನ್ನಿ. ರೊಟ್ಟಿ ನಾನು ಕಟ್ಟಿಕೊಂಡು ಬರುತ್ತೇನೆ.

ನಿಮ್ಮ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ಆ ವಿಷಯ ನಿಮ್ಮೊಡನೆ ತಾವೇ ಮಾತಾಡುವುದಾಗಿ ಹೇಳಿದ್ದಾರೆ ಸರ್.

ಉಳಿದ ದೂರುಗಳೆಲ್ಲ ಮುಗಿದವು. ಇದೊಂದನ್ನು ಮಾತ್ರ ನೀವು ಪರೀಕ್ಷಿಸಿ ಹೂಂ ಅನ್ನುವವರೆಗೆ ಮುಗಿಯಿತೆಂದು ನಾನು ಮುಚ್ಚುವುದಿಲ್ಲ.

ದಾರಿ ಕಾಯುವ,
ಲಹರಿ